ಹೂ ಬಿದ್ದ ಕಣ್ಣಿಗೆ ಬಣ್ಣದ ಲೆನ್ಸ್

ಅಕ್ಕನ ಎಡಗಣ್ಣಿಗೆ ಹೂ ಬಿದ್ದು ಮೂವತ್ತಾರು ವರ್ಷವಾಗಿತ್ತು. ಕರಿಗುಡ್ಡೆ ಇರಬೇಕಾದ ಕಡೆ ಬೆಂದ ಮೊಟ್ಟೆಯಂಥ ಬಿಳಿ, ಅದರ ಅಂಚಿಗೆ ಎರಡು ಕೆಂಪು ನರ. ಹೊಸಬರು ಮಾತಾಡಿಸುವಾಗ ಯಾವ ಕಣ್ಣನ್ನು ನೋಡಬೇಕೆಂದು ತಿಳಿಯದೆ ಅವಳ ಹಣೆಯನ್ನು ನೋಡುತ್ತಿದ್ದರು. ಅಕ್ಕ ಅವರ ಕಷ್ಟವನ್ನು ಹಗುರ ಮಾಡುತ್ತಿರಲಿಲ್ಲ. ತಲೆಯನ್ನು ಚೂರು ಬಲಕ್ಕೆ ತಿರುಗಿಸಿ, ಬಿಳಿ ಕಣ್ಣನ್ನೇ ಮುಂದೆ ಮಾಡಿ, ಅವರು ತೊದಲುವವರೆಗೂ ಕಾಯುತ್ತಿದ್ದಳು.

ಅಂಗಿ ಕಾರ್ಖಾನೆಯಲ್ಲಿ ಅವಳದು ತಪಾಸಣೆಯ ಮೇಜು. ಹೊಲಿದು ಬಂದ ಅಂಗಿಯನ್ನು ಮೇಜಿನ ಮೇಲೆ ಹರಡಿ, ಕಾಲರಿನ ಎರಡು ತುದಿ ಸಮ ಇದೆಯೇ, ಗುಂಡಿಮನೆಯಲ್ಲಿ ದಾರ ಬಿಟ್ಟಿದೆಯೇ, ಕಂಕುಳ ಹೊಲಿಗೆ ಸುಕ್ಕಿದೆಯೇ ಎಂದು ಒಂದೇ ಕಣ್ಣಿನಲ್ಲಿ ನೋಡಿ ಮುಗಿಸುತ್ತಿದ್ದಳು. ತಪ್ಪು ಕಂಡ ಕಡೆ ಬಾಣದ ಆಕಾರದ ಕೆಂಪು ಚೀಟಿ ಅಂಟಿಸಿ ವಾಪಸ್ಸು. ಹೊಲಿಯುವ ಹೆಂಗಸರು ಬೆನ್ನ ಹಿಂದೆ ಅವಳನ್ನು ಕೆಂಪು ಬಾಣ ಎನ್ನುತ್ತಿದ್ದರು. ಎದುರಿಗೆ ಒಬ್ಬರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಮದುವೆಯಾಗದ ಅಕ್ಕ ಇದ್ದದ್ದು ತಮ್ಮನ ಮನೆಯಲ್ಲಿ. ತಮ್ಮ ಲಿಫ್ಟ್ ರಿಪೇರಿ ಮಾಡುವವನು. ಅವನ ಹೆಂಡತಿ ಶಾಲೆಯೊಂದರ ಲೈಬ್ರರಿ ನೋಡಿಕೊಳ್ಳುತ್ತಿದ್ದಳು. ಮಗಳಿಗೆ ಹದಿನಾರು. ಊಟದ ಮೇಜಿನಲ್ಲಿ ಅಕ್ಕನ ಕುರ್ಚಿ ತಮ್ಮನ ಬಲಕ್ಕೆ. ಅಂದರೆ ಅವಳ ಎಡಗಣ್ಣು ಅವನ ಪಕ್ಕಕ್ಕೆ. ಮೂರು ಹೊತ್ತೂ ಅದನ್ನು ಪಕ್ಕದಲ್ಲಿಟ್ಟುಕೊಂಡೇ ಅವನು ತುತ್ತು ಎತ್ತಬೇಕು. ‘ನನ್ನ ಕಣ್ಣು ತೆಗೆದವನು ನೀನು’ ಎಂದು ಅಕ್ಕ ಅವನಿಗೆ ಒಂದು ದಿನವೂ ಎತ್ತಿ ಆಡಿದವಳಲ್ಲ. ಆಡುವ ಅಗತ್ಯವೇ ಇರಲಿಲ್ಲ. ಮಗಳು ಚಿಕ್ಕವಳಿದ್ದಾಗ ಒಮ್ಮೆ, ‘ಅತ್ತೆ, ನಿನ್ ಕಣ್ಣಿಗೆ ಏನಾಯ್ತು?’ ಎಂದು ಕೇಳಿತ್ತು. ಅಕ್ಕ ಮಗುವಿನ ತಲೆ ಸವರಿ, ‘ನಿಮ್ಮಪ್ಪನ್ನ ಕೇಳು ಪುಟ್ಟಾ, ಅವನಿಗೆ ಚೆನ್ನಾಗಿ ಗೊತ್ತು’ ಅಂದಳು. ತಮ್ಮ ಕೈ ತೊಳೆಯುವ ನೆಪದಲ್ಲಿ ಎದ್ದು ಹೋದವನು ಬಹಳ ಹೊತ್ತು ಬರಲಿಲ್ಲ.

ಕಣ್ಣಿನ ಆಸ್ಪತ್ರೆಯ ಕಟ್ಟಡದಲ್ಲಿ ಲಿಫ್ಟ್ ಕೆಟ್ಟು ನಿಂತ ದಿನ ಅದರೊಳಗೆ ಸಿಕ್ಕಿಕೊಂಡಿದ್ದವಳು ಲೆನ್ಸ್ ತಜ್ಞೆ. ಬಾಗಿಲ ಸಂದಿನಲ್ಲಿ ಮಾತಾಡುತ್ತಾ ತಮ್ಮ ಅವಳಿಗೆ ಮುಕ್ಕಾಲು ಗಂಟೆ ಧೈರ್ಯ ಹೇಳಿದ. ಹೊರಗೆ ಬಂದ ಮೇಲೆ, ನೀವು ಮಾಡುವ ಕೆಲಸವೇನು ಎಂದು ಕೇಳಿದ. ಮಾಮೂಲಿ ಲೆನ್ಸ್ ಒಪ್ಪದ ಕಣ್ಣುಗಳಿಗೆ ಬೇರೆ ಥರದ ಲೆನ್ಸ್ ಮಾಡಿಸಿಕೊಡುತ್ತೇನೆ, ಹೂ ಬಿದ್ದ ಕಣ್ಣನ್ನು ಮುಚ್ಚುವ ಬಣ್ಣದ ಲೆನ್ಸ್ ಕೂಡ ಇದೆ ಎಂದಳು ಅವಳು. ತಮ್ಮನ ಕೈಯಲ್ಲಿದ್ದ ಸ್ಪ್ಯಾನರ್ ಜಾರಿ ಕೆಳಗೆ ಬಿತ್ತು.

ಅವತ್ತಿನಿಂದ ಅಕ್ಕನ ಬೆನ್ನು ಹತ್ತಿದ. ಅವನು ಅವಳನ್ನು ಏನಾದರೂ ಕೇಳಿದ್ದೇ ಅಪರೂಪ. ‘ಒಂದ್ಸಲ ತೋರಿಸ್ಕೊಂಡು ಬರೋಣ ಅಕ್ಕ. ಬೇಡ ಅನ್ಸಿದ್ರೆ ಬಿಟ್ಬಿಡು’ ಎಂದು ಗೋಗರೆದ. ‘ನನಗ್ಯಾಕೋ ಈ ವಯಸ್ಸಲ್ಲಿ ಅಲಂಕಾರ’ ಎಂದು ಅಕ್ಕ ತಿಂಗಳೊಪ್ಪತ್ತು ಸತಾಯಿಸಿದಳು. ಅವನು ಗೋಗರೆಯುವುದನ್ನು ನೋಡುವುದರಲ್ಲಿ ಅವಳಿಗೊಂದು ಸುಖವಿತ್ತು. ಕೊನೆಗೆ ಉಪಕಾರ ಮಾಡುವವಳ ಹಾಗೆ ಒಪ್ಪಿದಳು.

ಲೆನ್ಸ್ ತಜ್ಞೆಯ ಕೋಣೆ ಚಿಕ್ಕದು. ಒಂದು ಬೇಸಿನ್, ಎರಡು ಕನ್ನಡಿ, ಗದ್ದ ಊರಿ ಕೂರುವ ಯಂತ್ರ, ಬಣ್ಣಬಣ್ಣದ ಗುಡ್ಡೆಗಳಿದ್ದ ಡಬ್ಬಿಗಳ ಸಾಲು. ಆಕೆ ಮಾತನ್ನು ನೇರವಾಗಿ ಶುರು ಮಾಡಿದಳು.

‘ಇದರಿಂದ ನೋಟ ಬರಲ್ಲ. ಅದನ್ನ ಮೊದಲೇ ಹೇಳ್ಬಿಡ್ತೀನಿ. ಇದು ನೀವು ನೋಡೋಕಲ್ಲ, ನಿಮ್ಮನ್ನ ಬೇರೆಯವರು ನೋಡೋಕೆ. ನಿಮ್ಮ ಬಲಗಣ್ಣಿನ ಬಣ್ಣ ನೋಡ್ಕೊಂಡು ಕೈಯಲ್ಲೇ ಬಣ್ಣ ಹಚ್ಚಿ ಮಾಡ್ತಾರೆ. ಆದ್ರೆ ಎಲ್ಲರಿಗೂ ಇದು ಸರಿಹೋಗಲ್ಲ. ಕಣ್ಣು ಒಣಗೋರಿಗೆ ಆಗಲ್ಲ. ಸೋಪು ಹಾಕಿ ಕೈ ತೊಳೆಯೋಕೆ ಬೇಜಾರು ಪಡೋರಿಗೆ ಆಗಲ್ಲ. ದಿನಾ ಮಲಗೋ ಮುಂಚೆ ತೆಗೀಬೇಕು, ಈ ಔಷಧಿ ನೀರಲ್ಲೇ ಇಡಬೇಕು. ನಲ್ಲಿ ನೀರು ಅಪ್ಪಿತಪ್ಪಿನೂ ಸೋಕಬಾರ್ದು, ಅದರಲ್ಲಿರೋ ಕ್ರಿಮಿ ಕಣ್ಣನ್ನೇ ತಿಂದುಬಿಡತ್ತೆ. ಸರಿ, ಈಗ ಹೇಳಿ. ಇದು ಬೇಕಾಗಿರೋದು ನಿಮಗಾ, ನಿಮ್ಮ ತಮ್ಮಂಗಾ?’

‘ಅವನಿಗೆ’ ಎಂದಳು ಅಕ್ಕ. ಮೂಲೆಯ ಸ್ಟೂಲಿನಲ್ಲಿ ಕೂತಿದ್ದ ತಮ್ಮ ತಲೆ ತಗ್ಗಿಸಿದ.

ತಜ್ಞೆ ಅವಳ ಗದ್ದವನ್ನು ಯಂತ್ರದ ಮೇಲೆ ಊರಿಸಿ, ರೆಪ್ಪೆ ಮೇಲೆತ್ತಿ, ಕೆಳಗೆಳೆದು, ಬೆಳಕು ಬಿಟ್ಟು ನೋಡಿದಳು. ಕಣ್ಣು ಒದ್ದೆಯಾಗಿದೆ, ಲೆನ್ಸ್ ಕೂರುತ್ತದೆ ಎಂದಳು. ಆಮೇಲೆ ಅವಳ ಬೆರಳು ಹುಬ್ಬಿನ ಮೂಳೆಯ ಅಡಿಗೆ ಬಂದು ನಿಂತಿತು.

‘ಇಲ್ಲೂ ಚಿಕ್ಕ ಚಿಕ್ಕ ಗುರುತಿದೆ. ಗದ್ದದ ಕೆಳಗೂ ಇದೆ. ಎಲ್ಲಾ ಕೆಳಗಿಂದ ಮೇಲಕ್ಕೆ ಸಿಡಿದ ಹಾಗಿದೆ. ಸುಣ್ಣ ಬಿದ್ದಿದ್ದು ಅಂದ್ರಿ ಅಲ್ವಾ? ಕುದಿಯೋವಾಗ ಬಗ್ಗಿ ನೋಡ್ತಿದ್ರಾ?’

‘ಇಲ್ಲ ಇಲ್ಲ’ ಎಂದು ತಮ್ಮ ಸ್ಟೂಲಿನಿಂದ ಎದ್ದೇಬಿಟ್ಟ. ‘ನಾನು ಎರಚಿದ್ದು. ಹಿಡಿ ತುಂಬ ತಗೊಂಡು ಮುಖಕ್ಕೆ ಎರಚಿದ್ದೆ. ಐದು ವರ್ಷ ಆಗ ನಂಗೆ.’

ತಜ್ಞೆ ಯಂತ್ರದ ಆಚೆಯಿಂದ ಅಕ್ಕನನ್ನೇ ನೋಡಿದಳು. ಅಕ್ಕ ಗದ್ದ ಎತ್ತದೆ, ಮೆಲ್ಲಗೆ, ‘ಹೋಗ್ಲಿ ಬಿಡಿ, ಚಿಕ್ಕವನು ಆಗ’ ಅಂದಳು.

ನಡೆದದ್ದು ತಜ್ಞೆ ಹೇಳಿದ ಹಾಗೆಯೇ. ಮನೆಗೆ ಸುಣ್ಣ ಬಳಿಯುತ್ತಿದ್ದ ದಿನ, ಹಿತ್ತಿಲ ಕಡೆ ಹೋಗಬೇಡಿ, ಡ್ರಮ್ಮು ಮುಟ್ಟಬೇಡಿ ಎಂದು ತಾಯಿ ಹೇಳಿ ಒಳಗೆ ಹೋಗಿದ್ದಳು. ಹತ್ತು ವರ್ಷದ ಅಕ್ಕ ಸುಣ್ಣದ ಹೆಂಟೆಗಳನ್ನು ಒಂದೊಂದಾಗಿ ನೀರಿಗೆ ಹಾಕಿ, ಅದು ಕೊತಕೊತ ಕುದಿಯುವುದನ್ನು ಬಗ್ಗಿ ನೋಡಿದಳು. ಸಿಡಿಯಿತು. ಅವಳ ಕೂಗಿಗೆ ತಾಯಿ ಓಡಿ ಬಂದಾಗ ಐದು ವರ್ಷದ ತಮ್ಮ ಪಕ್ಕದಲ್ಲೇ ನಿಂತಿದ್ದ. ಹಸಿ ಗೋಡೆ ಸವರಿ ಸವರಿ ಅವನ ಅಂಗೈ ಬೆಳ್ಳಗಾಗಿತ್ತು. ಅಕ್ಕ ಅವನ ಕಡೆ ಬೆರಳು ತೋರಿಸಿದಳು. ತಾಯಿಗೆ ಅವನ ಕೈಯೇ ಸಾಕ್ಷಿಯಾಯಿತು. ಸೌದೆ ಸೀಳಿನಿಂದ ಅವನಿಗೆ ಬಿದ್ದ ಏಟಿಗೆ ಎರಡು ದಿನ ಜ್ವರ ಬಂತು. ಆ ಜ್ವರದಲ್ಲಿ ‘ಇನ್ನು ಮಾಡಲ್ಲ, ಇನ್ನು ಎರಚಲ್ಲ’ ಎಂದು ಅವನೇ ಕನವರಿಸಿದ. ಪಕ್ಕದ ಹಾಸಿಗೆಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದ ಅಕ್ಕ ಅದನ್ನು ಕೇಳಿಸಿಕೊಂಡಳು. ನಾಳೆ ಹೇಳಿದರಾಯಿತು ಎಂದುಕೊಂಡಳು. ತಾಯಿ ಸತ್ತಳು, ತಮ್ಮ ದೊಡ್ಡವನಾದ, ಆ ನಾಳೆ ಬರಲಿಲ್ಲ. ಬರದಿರುವುದರಿಂದ ಎಷ್ಟು ಅನುಕೂಲ ಎಂಬುದು ಅಷ್ಟರಲ್ಲಿ ಅವಳಿಗೆ ಗೊತ್ತಾಗಿಹೋಗಿತ್ತು.

ಮೂರು ವಾರಕ್ಕೆ ಲೆನ್ಸ್ ಬಂತು. ಹಾಕುವುದನ್ನು, ತೆಗೆಯುವುದನ್ನು ತಜ್ಞೆ ಹತ್ತು ಸಲ ಮಾಡಿಸಿ ಕಲಿಸಿದಳು. ಅಕ್ಕ ಕನ್ನಡಿ ನೋಡಿಕೊಂಡಳು. ಎರಡು ಕಂದು ಕಣ್ಣಿನ, ನಲವತ್ತಾರು ದಾಟಿದ, ಎಲ್ಲರ ಹಾಗಿನ ಒಬ್ಬ ಹೆಂಗಸು. ಅವಳಿಗೆ ಸಂತೋಷವಾಗಲಿಲ್ಲ ಎಂದರೆ ಸುಳ್ಳಾದೀತು. ಹಿಂದೆ ನಿಂತಿದ್ದ ತಮ್ಮ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಹೊರಗೆ ಹೋಗಿ, ಗೋಡೆಗೆ ಹಣೆ ಹಚ್ಚಿ ಬಿಕ್ಕಿದ.

ಬೀದಿಯಲ್ಲಿ ಯಾರೂ ಅವಳನ್ನು ನೋಡಲಿಲ್ಲ. ಬಸ್ಸಿನಲ್ಲಿ ಎದ್ದು ಜಾಗ ಕೊಡುತ್ತಿದ್ದವರು ಕೊಡಲಿಲ್ಲ. ಕಾರ್ಖಾನೆಯಲ್ಲಿ ಮೊದಲ ದಿನ ಎಲ್ಲರೂ ಚೆನ್ನಾಗಿದೆ ಎಂದರು. ಎರಡನೆಯ ವಾರ, ಕಾಲರ್ ಹೊಲಿಯುವವಳು ವಾಪಸ್ಸು ಬಂದ ಅಂಗಿಯನ್ನು ಮೇಜಿನ ಮೇಲೆ ಎಸೆದು, ‘ಇದರಲ್ಲಿ ಏನ್ ತಪ್ಪಿದೆ? ಸರಿಯಾಗಿ ನೋಡಿ ಅಂಟಿಸಿ’ ಎಂದಳು. ಅಕ್ಕ ತಲೆಯನ್ನು ಬಲಕ್ಕೆ ತಿರುಗಿಸಿ ಎಡಗಣ್ಣನ್ನು ಮುಂದೆ ಮಾಡಿದಳು. ಕಾಲರಿನವಳು ಆ ಕಣ್ಣಲ್ಲಿ ಕಣ್ಣಿಟ್ಟು ಉತ್ತರಕ್ಕೆ ಕಾಯುತ್ತಾ ನಿಂತೇ ಇದ್ದಳು.

ಮನೆಯಲ್ಲಿ ಅದಕ್ಕಿಂತ ಹೆಚ್ಚು. ತಮ್ಮ ಈಗ ಮುಖ ಎತ್ತಿ ಮಾತಾಡುತ್ತಿದ್ದ. ಸ್ನಾನ ಮಾಡುವಾಗ ಸಿಳ್ಳೆ ಹಾಕುತ್ತಿದ್ದ. ಹೆಂಡತಿಯನ್ನು ರೇಗಿಸಿ ನಗುತ್ತಿದ್ದ. ಬೆನ್ನ ಮೇಲಿನ ಮೂಟೆ ಇಳಿಸಿದವನ ಹಾಗೆ ಅವನು ಎರಡಂಗುಲ ಎತ್ತರವಾದಂತೆ ಕಂಡ. ಒಂದು ಭಾನುವಾರ ತಿಂಡಿಯ ಹೊತ್ತಿಗೆ, ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಹೇಳಿದ:

‘ಅಕ್ಕ, ಕಂಪನೀಲಿ ಮತ್ತೆ ಕೇಳಿದ್ರು. ದೊಡ್ಡೂರಿನ ಕಚೇರಿಗೆ ಮೇಲ್ವಿಚಾರಕ. ಎರಡು ಸಲ ಬೇಡ ಅಂದಿದ್ದೆ. ಈ ಸಲ ಹೂಂ ಅಂದ್ಬಿಟ್ಟೆ.’

‘ಯಾವಾಗ ಹೊರಡೋದು ಎಲ್ರೂ?’

ತಮ್ಮ ಹೆಂಡತಿಯ ಮುಖ ನೋಡಿದ. ಹೆಂಡತಿ ತಟ್ಟೆ ನೋಡಿದಳು.

‘ನಾವು ಮೂರು ಜನ ಅಕ್ಕ. ಅಲ್ಲಿ ಮನೆ ಚಿಕ್ಕದು. ನಿನ್ನ ಕೆಲಸ ಇಲ್ಲೇ ಇದೆ, ಈ ಮನೆ ನಿನಗೇ ಇರತ್ತೆ. ಈಗ ನಿಂಗೇನು, ಎಲ್ಲಾ ಸರಿಯಾಯ್ತಲ್ಲ. ನಾನು ತಿಂಗಳಿಗೊಂದ್ಸಲ ಬರ್ತೀನಿ.’

ಎಲ್ಲಾ ಸರಿಯಾಯ್ತಲ್ಲ. ಅಕ್ಕ ಹೂಂ ಅಂದಳು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಮಾರನೆಯ ದಿನವೇ ತಜ್ಞೆಯ ಬಳಿ ಒಬ್ಬಳೇ ಹೋದಳು. ಚುಚ್ಚುತ್ತದೆ, ಉರಿಯುತ್ತದೆ, ತೆಗೆದುಬಿಡಿ ಎಂದಳು. ತಜ್ಞೆ ಬೆಳಕು ಹಾಕಿ ನೋಡಿದಳು. ‘ಕೆಂಪಿಲ್ಲ, ತರಚಿಲ್ಲ, ಕಣ್ಣು ಆರಾಮಾಗಿದೆ’ ಅಂದಳು.

‘ನನಗೆ ಬೇಡ.’

‘ಬೇಡ ಅಂದ್ರೆ ಹಾಕ್ಕೋಬೇಡಿ. ಅದು ನಿಮ್ಮಿಷ್ಟ. ಎಷ್ಟೋ ಜನ ಬೇಡ ಅಂತಾರೆ, ತಪ್ಪೇನಿಲ್ಲ.’

‘ಕಣ್ಣು ಒಪ್ಪಲಿಲ್ಲ ಅಂತ ನೀವು ಬರ್ಕೊಡಿ.’

‘ಅದಾಗಲ್ಲ’ ಎಂದಳು ತಜ್ಞೆ. ‘ಒಪ್ಪಿದೆಯಲ್ಲ.’

ಸುಮ್ಮನೆ ಬೇಡ ಎಂದರೆ ಏನಾಗುತ್ತದೆಂದು ಅಕ್ಕನಿಗೆ ಗೊತ್ತಿತ್ತು. ತಮ್ಮ ಕೊಡುವುದನ್ನು ಕೊಟ್ಟಾಗಿದೆ. ಹಾಕಿಕೊಂಡರೆಷ್ಟು, ಬಿಟ್ಟರೆಷ್ಟು, ಅವನು ಹೋಗುತ್ತಾನೆ. ಅವನು ನಿಲ್ಲಬೇಕೆಂದರೆ ಕಣ್ಣು ಕೆಂಪಾಗಬೇಕು, ನೋಯಬೇಕು. ಹೆಚ್ಚಲ್ಲ, ಸ್ವಲ್ಪ.

ಅಂದಿನಿಂದ ಲೆನ್ಸನ್ನು ಔಷಧಿಯ ಬದಲು ನಲ್ಲಿ ನೀರಿನಲ್ಲಿಡತೊಡಗಿದಳು. ರಜದ ದಿನ ಅದನ್ನು ಹಾಕಿಕೊಂಡೇ ಮಧ್ಯಾಹ್ನದ ನಿದ್ದೆ ಮಾಡಿದಳು. ಬೆಳಿಗ್ಗೆ ಒರಟು ಟವೆಲ್ಲಿನಿಂದ ಕಣ್ಣುಜ್ಜಿ ಮೇಲೆ ಲೆನ್ಸ್ ಕೂರಿಸಿದಳು. ಐದನೆಯ ದಿನ ಸಂಜೆ ಅಡುಗೆಮನೆಯ ನಲ್ಲಿಗೆ ಲೆನ್ಸಿನ ಡಬ್ಬಿ ಹಿಡಿದಿದ್ದಾಗ ತಮ್ಮನ ಹೆಂಡತಿ ಒಳಗೆ ಬಂದಳು.

‘ಅತ್ತಿಗೆ, ನಲ್ಲಿ ನೀರು ಸೋಕಿಸಬಾರ್ದು ಅಂದಿದ್ರಲ್ಲ?’

‘ಔಷಧಿ ಮುಗಿದಿದೆ.’

ಔಷಧಿಯ ಬಾಟಲಿ ಕಿಟಕಿಯ ಕಟ್ಟೆಯ ಮೇಲೆ ಮುಕ್ಕಾಲು ತುಂಬಿ ನಿಂತಿತ್ತು. ಹೆಂಡತಿ ಅದನ್ನು ನೋಡಿದಳು. ಅಕ್ಕನನ್ನೂ ನೋಡಿದಳು. ಹದಿನೆಂಟು ವರ್ಷ ಈ ಹೆಂಗಸಿನ ಬಿಳಿ ಕಣ್ಣಿನೆದುರು ತನ್ನ ಗಂಡ ಮುದುಡಿ ಕೂತದ್ದು, ಗಂಡನಿಗೆ ಬಂದ ಬಡ್ತಿ ಎರಡು ಸಲ ಕೈತಪ್ಪಿದ್ದು, ಎರಡನೆಯ ಮಗು ಬೇಡವೆಂದು ಅವನು ಹಟ ಹಿಡಿದದ್ದು, ಎಲ್ಲವೂ ಅವಳಿಗೆ ನೆನಪಾಯಿತು. ಸಾಮಾನು ಕಟ್ಟಲು ಇನ್ನು ಎಂಟೇ ದಿನ. ಅವಳ ಕಣ್ಣು, ಅವಳ ಪಾಡು ಎಂದುಕೊಂಡಳು. ಕೈಯಲ್ಲಿದ್ದ ಪಾತ್ರೆಯನ್ನು ಕಪಾಟಿನಲ್ಲಿಟ್ಟು ಹೊರಗೆ ಹೋದಳು.

ನೋವು ಸ್ವಲ್ಪವೆಂದು ಬರಲಿಲ್ಲ. ಒಂದು ಬೆಳಿಗ್ಗೆ ತಿಂಡಿಗೆ ಕೂತಿದ್ದ ಅಕ್ಕ ತಟ್ಟೆ ತಳ್ಳಿ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಪ್ರಾಣಿಯ ಹಾಗೆ ಕೂಗಿದಳು. ಬೆರಳ ಸಂದಿನಿಂದ ಕೀವು ಇಳಿಯುತ್ತಿತ್ತು. ತಮ್ಮ ಅವಳನ್ನು ಎತ್ತಿಕೊಂಡೇ ಮೆಟ್ಟಿಲಿಳಿದ. ಆಸ್ಪತ್ರೆಯಲ್ಲಿ ಗಂಟೆಗೊಮ್ಮೆ ಹನಿ ಹಾಕಿದರು, ಸೂಜಿ ಚುಚ್ಚಿದರು. ನಾಲ್ಕನೆಯ ದಿನ ಗುಡ್ಡೆ ತೂತಾಯಿತು. ಇನ್ನು ಉಳಿಸಿಕೊಂಡರೆ ವಿಷ ಏರುತ್ತದೆಂದು ಡಾಕ್ಟರು ಕಣ್ಣನ್ನು ತೆಗೆದುಹಾಕಿದರು. ನೋಡಲು ಬಂದ ಲೆನ್ಸ್ ತಜ್ಞೆ ಡಬ್ಬಿಯನ್ನು ಮೂಸಿ, ತಮ್ಮನನ್ನು ಹೊರಗೆ ಕರೆದು, ‘ಇದರಲ್ಲಿ ಇರೋದು ಬರೀ ನೀರು’ ಎಂದಳು. ತಮ್ಮ ತಲೆಯಾಡಿಸಿದ. ‘ನಾನು ಸರಿಯಾಗಿ ನೋಡ್ಕೋಬೇಕಿತ್ತು’ ಅಂದ.

ಅವತ್ತೇ ಕಂಪನಿಗೆ ಫೋನು ಮಾಡಿ ಬರುವುದಿಲ್ಲವೆಂದು ಹೇಳಿದ. ಕಟ್ಟಿದ್ದ ಪೆಟ್ಟಿಗೆಗಳನ್ನು ಬಿಚ್ಚಿದ. ಆಮೇಲೆ ವಾರ್ಡಿನಲ್ಲಿ ಅಕ್ಕನ ಮಂಚದ ಪಕ್ಕ ಕಬ್ಬಿಣದ ಸ್ಟೂಲಿನ ಮೇಲೆ ಕೂತವನು ಏಳಲಿಲ್ಲ. ಊಟ ತಂದರೆ ಮುಟ್ಟಲಿಲ್ಲ. ಅಕ್ಕ ಬಯಸಿದ್ದು ಅವಳಿಗೆ ಸಿಕ್ಕಿತ್ತು. ಆದರೆ ಅದನ್ನು ನೋಡುವುದು ಅವಳಿಂದ ಆಗಲಿಲ್ಲ. ಮೂರು ದಿನದಲ್ಲಿ ತಮ್ಮನ ಕೆನ್ನೆ ಒಳಗೆ ಹೋಗಿತ್ತು. ಅವನು ಮಂಚದ ಕಂಬಿಗೆ ಹಣೆಯನ್ನು ಮೆಲ್ಲಗೆ, ಲೆಕ್ಕವಿಲ್ಲದಷ್ಟು ಸಲ ಕುಟ್ಟುತ್ತಿದ್ದ.

‘ಎರಡು ಸಲ ಅಕ್ಕ. ಅದೇ ಕಣ್ಣನ್ನ ಎರಡು ಸಲ ತೆಗೆದೆ ನಾನು.’

‘ಕುಟ್ಕೋಬೇಡ್ವೋ’ ಎಂದಳು ಅಕ್ಕ. ‘ನಾನೊಂದು ಹೇಳ್ತೀನಿ, ಕೇಳು. ಅವತ್ತು ನೀನು ಎರಚಲಿಲ್ಲ. ಡ್ರಮ್ಮಿಗೆ ಹೆಂಟೆ ಹಾಕಿ ಬಗ್ಗಿ ನೋಡಿದ್ದು ನಾನು. ಸಿಡೀತು. ಅಮ್ಮ ಹೊಡೀತಾಳೆ ಅಂತ ಹೆದರಿ ನಿನ್ನ ಕಡೆ ಬೆರಳು ತೋರಿಸಿದೆ. ಈಗ್ಲೂ ಅಷ್ಟೇ. ನೀನು ಹೋಗ್ಬಾರ್ದು ಅಂತ ನಾನೇ ನಲ್ಲಿ ನೀರು ಹಾಕಿದೆ. ನಿನ್ನದೇನೂ ತಪ್ಪಿಲ್ಲ. ಅವತ್ತೂ ಇಲ್ಲ, ಇವತ್ತೂ ಇಲ್ಲ.’

ತಮ್ಮ ಕುಟ್ಟುವುದನ್ನು ನಿಲ್ಲಿಸಿದ. ಅವಳ ಮುಖವನ್ನೇ ನೋಡಿದ. ಅವನ ಕಣ್ಣು ತುಂಬಿ ಬಂತು. ಅವಳ ಕೈಯನ್ನು ಎತ್ತಿ ತನ್ನ ಕೆನ್ನೆಗೆ ಒತ್ತಿಕೊಂಡ.

‘ಇಷ್ಟು ನೋವಲ್ಲೂ ನನ್ನ ಸಮಾಧಾನ ಮಾಡೋಕೆ ನೋಡ್ತೀಯಲ್ಲ.’

‘ಸಮಾಧಾನ ಅಲ್ವೋ. ನಿಜ.’

‘ನಂಗೆ ನೆನಪಿದೆ ಅಕ್ಕ. ಸುಣ್ಣ ಕೈಯಲ್ಲಿ ಬಿಸಿಬಿಸಿ ಇತ್ತು. ಬೆರಳ ಸಂದೀಲಿ ಸೋರ್ತಿತ್ತು. ನೀನು ನಗ್ತಾ ಇದ್ದೆ, ನಂಗೆ ಸಿಟ್ಟು ಬಂತು. ಎಲ್ಲಾ ಕಣ್ಣಿಗೆ ಕಟ್ಟಿದ ಹಾಗಿದೆ.’

‘ಅದು ಎಲ್ಲರೂ ಹೇಳಿ ಹೇಳಿ...’

‘ಬಿಡು. ಮಾತಾಡ್ಬೇಡ. ಸುಸ್ತಾಗತ್ತೆ.’

ಬಾಗಿಲಲ್ಲಿ ಫ್ಲಾಸ್ಕ್ ಹಿಡಿದು ನಿಂತಿದ್ದ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳಿಗೆ ಒಂದು ಅಕ್ಷರವೂ ಸುಳ್ಳೆನ್ನಿಸಲಿಲ್ಲ. ಅವಳು ಒಳಗೆ ಬಂದು, ಗಂಡನ ಎದುರು ನಿಂತು, ‘ಅವರು ಹೇಳ್ತಿರೋದು ನಿಜ ರೀ. ನಲ್ಲಿ ನೀರು ಹಿಡೀತಿದ್ದದ್ದನ್ನ ನಾನೇ ನೋಡಿದೀನಿ. ಔಷಧಿ ಬಾಟಲಿ ತುಂಬಿತ್ತು. ನಾನು ಕೇಳಿದ್ದಕ್ಕೆ ಸುಳ್ಳು ಹೇಳಿದ್ರು’ ಅಂದಳು.

ತಮ್ಮ ನಿಧಾನವಾಗಿ ಅವಳ ಕಡೆ ತಿರುಗಿದ.

‘ಯಾವತ್ತು ನೋಡಿದೆ?’

‘ಎರಡು ವಾರ ಆಯ್ತು.’

‘ನೋಡಿ?’

ಹೆಂಡತಿ ಫ್ಲಾಸ್ಕನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು.

‘ನೋಡಿ ಸುಮ್ಮನಿದ್ದೆಯಾ?’

ಅವನು ಕೂಗಲಿಲ್ಲ. ಕೂಗಿದ್ದರೆ ಅವಳು ಎದುರು ಮಾತಾಡುತ್ತಿದ್ದಳೋ ಏನೋ. ಹದಿನೆಂಟು ವರ್ಷದಲ್ಲಿ ಅವಳನ್ನು ಅವನು ಹಾಗೆ ನೋಡಿರಲಿಲ್ಲ. ಚಪ್ಪಲಿಗೆ ಅಂಟಿದ್ದನ್ನು ನೋಡುವ ಹಾಗೆ. ‘ಹೊರಗೆ ಹೋಗು’ ಎಂದ. ಅಕ್ಕ ಮಂಚದಿಂದ, ‘ಅವಳದೇನು ತಪ್ಪೋ, ಅವಳನ್ನ ಬಿಡೋ’ ಎಂದು ಕೂಗಿಕೊಂಡಳು. ಅದೂ ಅವನಿಗೆ ಅಕ್ಕನ ದೊಡ್ಡ ಗುಣವಾಗಿಯೇ ಕೇಳಿಸಿತು. ‘ನೋಡು’ ಎಂದ ಹೆಂಡತಿಗೆ, ‘ಕಣ್ಣು ಕಳ್ಕೊಂಡವಳು ನಿನ್ನ ಪರವಾಗಿ ಮಾತಾಡ್ತಿದಾಳೆ. ನಾಚಿಕೆ ಆಗಲ್ವಾ ನಿಂಗೆ?’

ಹೆಂಡತಿ ಫ್ಲಾಸ್ಕನ್ನು ಕಿಟಕಿಯ ಬಳಿ ಇಟ್ಟು ಹೋದಳು. ಆ ವಾರವಿಡೀ ಮನೆಯಲ್ಲಿ ಅವನು ಅವಳೊಡನೆ ಒಂದೂ ಮಾತಾಡಲಿಲ್ಲ. ಅವಳು ಬಡಿಸಿದ್ದನ್ನು ಉಣ್ಣಲಿಲ್ಲ. ಮಗಳು ನಡುವೆ ನಿಂತು, ‘ಅಪ್ಪಾ, ಅತ್ತೆ ತಾವೇ ಒಪ್ಕೊಂಡಿದಾರಲ್ಲ’ ಎಂದರೆ, ‘ನಿಂಗೂ ನಿಮ್ಮಮ್ಮನ ಬುದ್ಧೀನೇ ಬಂತು’ ಎಂದ. ಅಕ್ಕನನ್ನು ಮನೆಗೆ ಕರೆತಂದ ಮೇಲೆ ಒಂದು ಶನಿವಾರ ತಾಯಿಯೂ ಮಗಳೂ ತವರಿಗೆ ಹೊರಟರು. ಅವನು ಅವರ ಪೆಟ್ಟಿಗೆಗಳನ್ನು ಕೆಳಗಿನವರೆಗೆ ಹೊತ್ತುಕೊಟ್ಟ. ಆಟೋ ಹೊರಡುವವರೆಗೂ ನಿಲ್ಲಲಿಲ್ಲ. ಅಕ್ಕನಿಗೆ ಹನಿ ಹಾಕುವ ಹೊತ್ತಾಗಿತ್ತು.

ಗಾಯ ಮಾಗಿದ ಮೇಲೆ ಆ ಗುಳಿಯೊಳಗೆ ಕೃತಕ ಕಣ್ಣು ಕೂರಿಸಿದರು. ಅದಕ್ಕೂ ಬಲಗಣ್ಣಿಗೂ ಬಣ್ಣದಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ದಿನಾ ಬೆಳಿಗ್ಗೆ ತಮ್ಮನೇ ಅದನ್ನು ತೊಳೆದು, ಒರೆಸಿ, ಹಾಕಿಕೊಟ್ಟು, ಅವಳನ್ನು ಕಾರ್ಖಾನೆಯ ಗೇಟಿನವರೆಗೆ ಬಿಟ್ಟು ಬರುತ್ತಿದ್ದ. ಸಿಳ್ಳೆ ಹಾಕುವುದು ನಿಂತಿತ್ತು. ಮಗಳು ಫೋನು ಮಾಡಿದರೆ ಎತ್ತುತ್ತಿದ್ದ, ಹೂಂ ಊಹೂಂ ಎಂದು ಇಡುತ್ತಿದ್ದ. ಹೆಂಡತಿಗೆ ಅದೂ ಇಲ್ಲ.

ಅಕ್ಕ ಆಮೇಲೂ ಹೇಳಿ ನೋಡಿದಳು. ಅಳುತ್ತಾ ಹೇಳಿದಳು, ಆಣೆ ಇಟ್ಟು ಹೇಳಿದಳು, ಸಿಟ್ಟಿನಿಂದ ಬೈಯುತ್ತಾ ಹೇಳಿದಳು. ಹುಬ್ಬಿನ ಅಡಿಯ, ಗದ್ದದ ಕೆಳಗಿನ ಗುರುತುಗಳನ್ನು ತೋರಿಸಿ, ‘ನೋಡೋ, ಕೆಳಗಿಂದ ಸಿಡಿದಿದ್ದು’ ಎಂದಳು. ಒಂದು ಸಂಜೆ ಅವನ ಅಂಗಿಯ ಎದೆ ಹಿಡಿದು, ‘ನನ್ನ ಮೇಲೆ ಒಂದ್ಸಲ ಸಿಟ್ಟು ಮಾಡ್ಕೊಳ್ಳೋ, ಒಂದೇ ಒಂದ್ಸಲ ಹೊಡಿಯೋ’ ಎಂದು ಜಗ್ಗಿದಳು. ಅವನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅವಳನ್ನು ಕುರ್ಚಿಗೆ ಕೂರಿಸಿ, ತಟ್ಟೆ ಮುಂದಿಟ್ಟ.

‘ಆರಿಹೋಗತ್ತೆ, ಊಟ ಮಾಡಕ್ಕ’ ಎಂದ.